ಪ್ಯಾಸೇಜಿನ ಬಿಸಿಗಾಳಿ

ಆ ಮನೆಯಲ್ಲಿ ಅತ್ತೆ ಸೊಸೆಗೆ ಇದುವರೆಗೆ ಜಗಳವೇ ಆಗಿಲ್ಲ ಎಂಬ ಮಾತು ಬೀದಿಯ ಆ ತುದಿಯವರೆಗೂ ಹಬ್ಬಿತ್ತು. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಸೊಸೆಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಜಗಳ ಆಗಬೇಕಾದರೆ ಇಬ್ಬರು ಎದುರೆದುರು ನಿಂತು ಮಾತಾಡಬೇಕಲ್ಲ? ಅತ್ತೆಗೆ ಏನಾದರೂ ಬೇಕಿದ್ದರೆ ಮಗನ ಕಿವಿಗೆ ಹಾಕುತ್ತಿದ್ದರು. ಸೊಸೆಗೆ ಬೇಕಿದ್ದರೆ ಗಂಡನ ಕಿವಿಗೆ ಹಾಕುತ್ತಿದ್ದಳು. ಮಗನೂ ಗಂಡನೂ ಒಬ್ಬನೇ ಆಗಿದ್ದರಿಂದ ಆ ಪುಣ್ಯಾತ್ಮ ಇಬ್ಬರಿಗೂ "ಆಯ್ತು" ಎಂದು ಹೇಳಿ ಕೆಲಸಕ್ಕೆ ಹೊರಟುಬಿಡುತ್ತಿದ್ದ. ಅವನು ಔಷಧಿ ಗೋದಾಮೊಂದರಲ್ಲಿ ಸರಕು ನೋಡಿಕೊಳ್ಳುತ್ತಿದ್ದ. ಅಲ್ಲಿನವರು ಅವನಿಗೆ ಆಯ್ತಪ್ಪ ಎಂದೇ ಹೆಸರಿಟ್ಟಿದ್ದರು. ಆ ಹೆಸರು ಯಾರ ಮೂಲಕವೋ ಮನೆಗೂ ಬಂತು, ಬಂದದ್ದು ಉಳಿದುಕೊಂಡಿತು. ಯಾರಾದರೂ ಹಾಗೆ ಕರೆದರೆ ಅವನು ಅದಕ್ಕೂ ಆಯ್ತು ಎನ್ನುವವನೇ.

ಸೊಸೆ ರಫೂ ಕೆಲಸ ಮಾಡುತ್ತಿದ್ದಳು. ಕೋಟಿಗೆ ಮೊಳೆ ತಾಗಿ ಹರಿದಿರಲಿ, ಸಿಗರೇಟಿನ ಕಿಡಿ ಬಿದ್ದು ತೂತಾಗಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹರಿದ ಜಾಗದಲ್ಲಿ ಮತ್ತೆ ನೇಯ್ದು, ಹರಿದದ್ದೇ ಸುಳ್ಳು ಅನ್ನಿಸುವಂತೆ ಮಾಡುವ ಕೆಲಸ. ಪೇಟೆಯ ದೊಡ್ಡ ದರ್ಜಿ ಅಂಗಡಿಯಿಂದ ಅವಳಿಗೆ ಬಟ್ಟೆ ಬರುತ್ತಿತ್ತು. ಇದಕ್ಕೆ ಬೇಕಾದದ್ದು ಒಳ್ಳೆಯ ಬೆಳಕು, ಬಿಸಿಯಾದ ಬೆರಳು ಮತ್ತು ತಲೆ ತಿನ್ನುವವರಿಲ್ಲದ ಒಂದು ಮೂಲೆ. ಮನೆಯ ಹಿಂದಿನ ಕೋಣೆಯಲ್ಲಿ ದೊಡ್ಡ ಕಿಟಕಿಯಿತ್ತು, ಮೇಜಿತ್ತು, ಬಾಗಿಲೂ ಇತ್ತು. ಆದರೆ ಚಳಿಗಾಲ ಕಾಲಿಟ್ಟರೆ ಆ ಕೋಣೆಯಲ್ಲಿ ಕೂರುವ ಮಾತೇ ಇಲ್ಲ. ಬೆರಳು ಮರಗಟ್ಟಿ, ಸೂಜಿ ಹಿಡಿದಿದ್ದೇನೋ ಬಿಟ್ಟಿದ್ದೇನೋ ತಿಳಿಯುತ್ತಿರಲಿಲ್ಲ.

ಹಾಗಾಗಿ ಚಳಿಗಾಲವೆಲ್ಲ ಅವಳು ಒಲೆಯ ಬಿಸಿಗೆ ಅಂಟಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದಳು. ಊಟದ ಹೊತ್ತಾಯಿತೆಂದರೆ ಸೂಜಿ, ಎಳೆ, ಭೂತಗನ್ನಡಿ ಎಲ್ಲವನ್ನೂ ಎತ್ತಿಡಬೇಕು, ಉಂಡಾದ ಮೇಲೆ ಮೇಜು ಒರೆಸಿ ಮತ್ತೆ ಹರಡಬೇಕು. ಕಳೆದ ಚಳಿಗಾಲದಲ್ಲಿ ಅಂಗಡಿಯ ಯಜಮಾನರು ಒಂದು ಕೋಟನ್ನು ಮೂಗಿಗೆ ಹಿಡಿದು, "ಕೆಲಸ ಚೆನ್ನಾಗಿದೆ ಕಣಮ್ಮ. ಆದ್ರೆ ಕೋಟೆಲ್ಲ ಹುರಿದ ಈರುಳ್ಳಿ ವಾಸನೆ. ಗಿರಾಕಿಗೆ ಏನು ಹೇಳ್ಲಿ?" ಎಂದಿದ್ದರು. ಇನ್ನೊಂದು ಸಲ ಹೀಗಾದರೆ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂಬುದನ್ನು ನಗುನಗುತ್ತಲೇ ಹೇಳಿದರು. ನಗುನಗುತ್ತ ಹೇಳಿದ್ದರಿಂದಲೇ ಅವಳಿಗೆ ಹೆದರಿಕೆಯಾಯಿತು. ಆ ಕೆಲಸ ಬಿಟ್ಟರೆ ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಬೇರೆ ಏನೂ ಇರಲಿಲ್ಲ.

ಆ ವರ್ಷ ಮನೆಗೆ ಬಿಸಿಗಾಳಿಯ ಮಷೀನು ತರುವುದೆಂದು ತೀರ್ಮಾನವಾಯಿತು. ಹೆಸರು ಹೀಟ್ ಪಂಪ್ ಎಂದಿದ್ದರೂ ನೋಡಲು ಗೋಡೆಗೆ ಹಾಕುವ ಎ.ಸಿ.ಯೇ. ಗೋಡೆಯ ಒಳಗೊಂದು ಉದ್ದನೆಯ ಪೆಟ್ಟಿಗೆ, ಹೊರಗೊಂದು ಫ್ಯಾನಿನ ಡಬ್ಬ, ಎರಡರ ನಡುವೆ ತಾಮ್ರದ ಪೈಪು. ತರುವುದು ಒಂದೇ ಮಷೀನು, ಒಂದೇ ಕೋಣೆಗೆ. ಸೊಸೆ ಗಂಡನನ್ನು ಅಡುಗೆಮನೆಯಲ್ಲಿ ಅಡ್ಡಗಟ್ಟಿ, "ಹಿಂದಿನ ಕೋಣೆಗೆ ಹಾಕ್ಸಿ ರೀ. ನಿಮ್ಮಮ್ಮನಿಗೂ ನೀವೇ ಹೇಳಿ," ಎಂದಳು. ಅವನು ಆಯ್ತು ಎಂದ. ಅದೇ ವಾರ ಅತ್ತೆ ಮಗನನ್ನು ಮುಂದಿನ ಕೋಣೆಗೆ ಕರೆದು, "ಇಲ್ಲಿಗೇ ಹಾಕ್ಸೋ. ಅವಳಿಗೆ ನೀನೇ ಒಂದು ಮಾತು ಹೇಳ್ಬಿಡು," ಎಂದರು. ಅವರಿಗೂ ಆಯ್ತು ಎಂದ. ಇದು ಸೊಸೆಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮಷೀನು ಹಾಕಲು ಮೆಕ್ಯಾನಿಕ್ ಬಂದ. ದಪ್ಪ ಮೀಸೆಯ, ಅವಸರದ ಮನುಷ್ಯ. ಜೊತೆಗೆ ಅವನ ಭಾವಮೈದ. ಈ ಭಾವಮೈದ ತುಟಿ ಪಿಟಕ್ಕೆನ್ನದೆ ಏಣಿ ಹೊತ್ತುಕೊಂಡು ಬಂದು, ಗೋಡೆಗೆ ಒರಗಿಸಿ, ಕೈಕಟ್ಟಿ ನಿಂತುಬಿಟ್ಟ. ಆಯ್ತಪ್ಪ ಅಂದು ಮನೆಯಲ್ಲಿರಲಿಲ್ಲ. ಇರಬೇಕಾದ ದಿನ ಅವನು ಇದ್ದದ್ದು ಕಡಿಮೆ.

"ಎಲ್ಲಿ ಹಾಕ್ಬೇಕು ಹೇಳಿ," ಎಂದ ಮೆಕ್ಯಾನಿಕ್.

ಹಿಂದಿನ ಕೋಣೆ ಎಂಬುದು ಸೊಸೆಯ ನಾಲಗೆಯ ತುದಿಯಲ್ಲಿತ್ತು. ಆದರೆ ಬೆನ್ನ ಹಿಂದೆಯೇ ಅತ್ತೆ ನಿಂತಿದ್ದರು. ಗಂಡ ಹೇಗೂ ಅವರಿಗೆ ಹೇಳಿರುತ್ತಾನೆ, ಅವರ ಬಾಯಿಂದಲೇ ಬರಲಿ, ಆಗ ಮರ್ಯಾದೆಯೂ ಉಳಿಯುತ್ತದೆ ಕೆಲಸವೂ ಆಗುತ್ತದೆ ಎಂದು ಅವಳು ಲೆಕ್ಕ ಹಾಕಿದಳು.

"ಅತ್ತೆ ಎಲ್ಲಿ ಹೇಳ್ತಾರೋ ಅಲ್ಲಿ," ಎಂದಳು.

ಅತ್ತೆಯೂ ಅದೇ ಮನೆಯವರೇ ತಾನೆ. ಅವರೂ ಅದೇ ಲೆಕ್ಕ ಹಾಕಿದರು.

"ನಂದೇನಿದೆಯಪ್ಪ. ಸೊಸೆ ಎಲ್ಲಿ ಹೇಳ್ತಾಳೋ ಅಲ್ಲಿ."

"ಇಲ್ಲ ಇಲ್ಲ, ಅತ್ತೆನೇ ಹೇಳ್ಲಿ."

"ಅಯ್ಯೋ, ಮನೆ ನಡೆಸೋಳು ಅವಳು. ನನ್ನನ್ಯಾಕೆ ಕೇಳ್ತೀರ?"

ಮೆಕ್ಯಾನಿಕ್ ಒಮ್ಮೆ ಇವಳ ಮುಖ ನೋಡಿದ, ಒಮ್ಮೆ ಅವರ ಮುಖ ನೋಡಿದ. "ನಿಮ್ಮಿಬ್ಬರ ಮರ್ಯಾದೆ ಮುಗಿಯೋ ಹೊತ್ತಿಗೆ ನನಗೆ ಇನ್ನೊಂದು ಮನೆ ಕೆಲಸ ಮುಗಿಬೇಕು, ಅಮ್ಮ," ಎಂದು ಜೇಬಿನಿಂದ ಫೋನು ತೆಗೆದು ಆಯ್ತಪ್ಪನಿಗೆ ಮಾಡಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

"ಸಾರ್, ಮಷೀನು ಎಲ್ಲಿಗೆ?"

ಆ ಕಡೆ ಗೋದಾಮಿನ ಗಾಡಿ ಉರುಳುವ ಸದ್ದು. "ಅಮ್ಮ ಅಲ್ಲೇ ಇದಾರಾ?"

"ಇದಾರೆ."

"ಅವಳೂ ಇದಾಳಾ?"

"ಅವರೂ ಇದಾರೆ. ಎಲ್ಲಾ ಇದಾರೆ. ಎಲ್ಲಿಗೆ ಅಂತ ಹೇಳಿ."

ಗಾಡಿಯ ಸದ್ದು ನಿಂತಿತು. ಸೊಸೆ ಫೋನಿನ ಹತ್ತಿರಕ್ಕೆ ಸರಿದಳು. ಈಗ ಹೇಳುತ್ತಾನೆ, ಹೇಳದೆ ಎಲ್ಲಿಗೆ ಹೋಗುತ್ತಾನೆ?

"ಇಬ್ಬರಿಗೂ ಆಗೋ ಹಾಗೆ ನೋಡಿ ಹಾಕ್ಬಿಡಿ," ಎಂದ ಆಯ್ತಪ್ಪ. "ಮಧ್ಯದಲ್ಲಿ ಎಲ್ಲಾದ್ರೂ." ಫೋನು ಕಟ್ಟಾಯಿತು.

ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ಮಧ್ಯ ಇದ್ದದ್ದು ಪ್ಯಾಸೇಜು. ಉದ್ದಕ್ಕೆ, ಸಣ್ಣಗೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದಂಥ ಜಾಗ. ಒಂದು ಬದಿ ಹೊರಗೋಡೆ, ಇನ್ನೊಂದು ಬದಿ ಅಡುಗೆಮನೆ. ಅಲ್ಲಿ ಇರುತ್ತಿದ್ದದ್ದು ಚಪ್ಪಲಿ, ಬೂಟು, ಗೂಟಕ್ಕೆ ನೇತುಹಾಕಿದ ಕೋಟು, ಒಂದು ಮುರುಕು ಕೊಡೆ. ಮೆಕ್ಯಾನಿಕ್‌ಗೇ ಯಾಕೋ ಮನಸ್ಸು ಬರಲಿಲ್ಲ.

"ನಾನು ಈಗಲೇ ಹೇಳ್ತೀನಿ, ಇದು ಸರಿಯಾದ ಜಾಗ ಅಲ್ಲ," ಎಂದ. "ಇಲ್ಲಿ ಹಾಕಿದ್ರೆ ಬಿಸಿ ಇಲ್ಲೇ ಗಿರಕಿ ಹೊಡಿಯುತ್ತೆ. ಆಮೇಲೆ ನನ್ನನ್ನ ಬೈಬೇಡಿ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ಬೇಡ ಅನ್ನಿ, ನಿಲ್ಲಿಸಿಬಿಡ್ತೀನಿ."

ಅತ್ತೆ ಸೊಸೆಯ ಕಡೆ ನೋಡಿದರು, ಸೊಸೆ ಅತ್ತೆಯ ಕಡೆ. ಅವನು ಇನ್ನಷ್ಟು ಹೊತ್ತು ಕಾದ. ಆಮೇಲೆ ಭಾವಮೈದನಿಗೆ ಕಣ್ಣು ಮಾಡಿದ. ಭಾವಮೈದ ಏಣಿ ತಂದು ಪ್ಯಾಸೇಜಿನಲ್ಲಿಟ್ಟ.

ಡ್ರಿಲ್ಲು ಗೋಡೆಗೆ ಇಳಿಯಿತು. ನೀರು ಹೊರಗೆ ಹರಿಯಬೇಕೆಂದು ತುಸು ಕೆಳಮುಖವಾಗಿ ಹಿಡಿದು ಅವನು ಕೊರೆಯುತ್ತ ಹೋದ. ಕೆಂಪು ಇಟ್ಟಿಗೆಯ ಧೂಳು ನೇತುಹಾಕಿದ ಕೋಟುಗಳ ಮೇಲೆಲ್ಲ ಕೂತಿತು. ಸೊಸೆ ಗರ ಬಡಿದವಳ ಹಾಗೆ ನೋಡುತ್ತ ನಿಂತಿದ್ದಳು. ನಿಲ್ಲಿಸಿ ಎಂಬ ಒಂದು ಮಾತು ಸಾಕಿತ್ತು. ಗಂಡನ ಮೇಲೆ ಹೊಟ್ಟೆ ಉರಿಯಿತು. ಒಂದಕ್ಷರವೂ ಆಡದೆ ನಿಂತ ಅತ್ತೆಯ ಮೇಲೆ ಅದಕ್ಕಿಂತ ಹೆಚ್ಚು ಉರಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಲ್ಲಿ ಸುಮ್ಮನೆ ಬಿದ್ದುಕೊಂಡಿದ್ದ ತನ್ನ ನಾಲಗೆಯ ಮೇಲೆ ಉರಿಯಿತು. ಮುಷ್ಟಿ ಗಾತ್ರದ ಇಟ್ಟಿಗೆಯ ತುಂಡು ಆಚೆ ಅಂಗಳಕ್ಕೆ ಬಿತ್ತು. ತೂತಿನಿಂದ ತಣ್ಣನೆ ಗಾಳಿ ನುಗ್ಗಿತು. ಎಂಥೆಂಥ ತೂತನ್ನೋ ಮುಚ್ಚಿದವಳಿಗೆ ಈ ಒಂದು ತೂತನ್ನು ತಡೆಯಲು ಆಗಲಿಲ್ಲ.

ಪೈಪು ಸೇರಿಸಿದ್ದಾಯಿತು. ಗ್ಯಾಸು ಬಿಡುವ ಮೊದಲು ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದುಹಾಕಬೇಕಂತೆ, ಅದಕ್ಕೊಂದು ಪಂಪು ಅಂಗಳದಲ್ಲಿ ಗುರ್ರೆನ್ನುತ್ತ ಕೂತಿತು. ಮೆಕ್ಯಾನಿಕ್ ಬ್ರೆಡ್ಡು ತಿಂದ, ಭಾವಮೈದ ಮೆಟ್ಟಿಲ ಮೇಲೆ ತೂಕಡಿಸಿದ. ಅಷ್ಟು ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೇಳಬಹುದಿತ್ತು. ಸೊಸೆ ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಷೀನು ಶುರುವಾದಾಗ ಮೆಕ್ಯಾನಿಕ್ ಇಬ್ಬರನ್ನೂ ಕರೆದು ಅದರ ಕೆಳಗೆ ಕೈಯೊಡ್ಡಲು ಹೇಳಿದ.

"ಚೆನ್ನಾಗಿದೆ," ಎಂದರು ಅತ್ತೆ.

"ತುಂಬಾ ಚೆನ್ನಾಗಿದೆ," ಎಂದಳು ಸೊಸೆ.

ಸಂಜೆ ಆಯ್ತಪ್ಪ ಬಂದು ಪ್ಯಾಸೇಜಿನಲ್ಲಿ ಬೂಟು ಬಿಚ್ಚುತ್ತ ತಲೆಯೆತ್ತಿ ಮಷೀನು ನೋಡಿದ. ಅವನ ಮುಖ ಅರಳಿತು. "ನೋಡಿದ್ರಾ? ಎಲ್ಲರಿಗೂ ಸರಿಹೋಯ್ತು!"

ಚಳಿ ಬಂತು. ಆ ಮನೆಯ ಚಪ್ಪಲಿ ಬೂಟುಗಳಿಗೆ ಅಂಥ ಸುಖ ಯಾವ ಜನ್ಮದಲ್ಲೂ ಸಿಕ್ಕಿರಲಿಲ್ಲ. ಮುರುಕು ಕೊಡೆಯೂ ಬೆಚ್ಚಗಿತ್ತು. ಮಷೀನು ತಾನೇ ಊದಿದ ಬಿಸಿಯನ್ನು ತಾನೇ ಮೂಸಿ ನೋಡಿ, ಮನೆಯೆಲ್ಲ ಬಿಸಿಯಾಯಿತೆಂದುಕೊಂಡು, ಒಂದಷ್ಟು ಹೊತ್ತಿಗೆಲ್ಲ ಸುಮ್ಮನಾಗಿಬಿಡುತ್ತಿತ್ತು. ಆ ಕಡೆ ಮುಂದಿನ ಕೋಣೆ ತಣ್ಣಗೆ, ಈ ಕಡೆ ಹಿಂದಿನ ಕೋಣೆ ಹಾಗೆಯೇ ಕೊರೆಯುತ್ತ. ಬಾಗಿಲೆಲ್ಲ ತೆಗೆದಿಟ್ಟು ನೋಡಿದರು, ಟೇಬಲ್ ಫ್ಯಾನು ಇಟ್ಟು ಬಿಸಿಯನ್ನು ಹಿಂದಕ್ಕೆ ತಳ್ಳಿ ನೋಡಿದರು. ಬಿಸಿ ಎಮ್ಮೆಯ ಹಾಗೆ, ಎಷ್ಟು ತಳ್ಳಿದರೂ ನಿಂತ ಜಾಗ ಬಿಟ್ಟು ಕದಲಲಿಲ್ಲ.

ಅತ್ತೆ ಮೊದಲು ಸೋತರು. ಒಂದು ಬೆಳಿಗ್ಗೆ ತಮ್ಮ ಕೈಕುರ್ಚಿಯನ್ನು ಎಳೆದುಕೊಂಡು ಬಂದು ಮಷೀನಿನ ಕೆಳಗೆ ಹಾಕಿಕೊಂಡರು. ಸೊಸೆ ಎರಡು ದಿನ ಹಲ್ಲು ಕಚ್ಚಿಕೊಂಡು ಹಿಂದಿನ ಕೋಣೆಯಲ್ಲೇ ಕೂತಳು. ಸೂಜಿ ಕೈಯಿಂದ ಜಾರಿ ಜಾರಿ ಬಿತ್ತು. ಅಡುಗೆಮನೆಗೆ ಹೋಗುವಂತಿರಲಿಲ್ಲ, ಈರುಳ್ಳಿಯ ಮಾತು ಕಿವಿಯಲ್ಲಿ ಇನ್ನೂ ಇತ್ತು. ಅಂಗಡಿಯಿಂದ ಬಂದ ಒಂದು ದುಬಾರಿ ಕೋಟು ಮೇಜಿನ ಮೇಲೆ ಕಾಯುತ್ತಿತ್ತು, ಮೊಣಕೈ ಹತ್ತಿರ ಬೆರಳು ತೂರುವಷ್ಟು ಹರಿದಿತ್ತು. ಕೊನೆಗೆ ಅವಳೂ ಒಂದು ಸ್ಟೂಲು ಹಿಡಿದುಕೊಂಡು ಪ್ಯಾಸೇಜಿಗೆ ಬಂದು, ಬೂಟುಗಳನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಮಂಡಿಗೆ ಮಂಡಿ ತಾಗುವಂತೆ ಕೂತಳು.

ಅತ್ತೆಗೆ ಹಿಡಿಸಲಾರದಷ್ಟು ಖುಷಿ. ಅವರು ಮಾತು ಶುರುಮಾಡಿದರು. ಪಕ್ಕದ ಮನೆಯವರ ಚಾವಣಿ ಸೋರುವುದು, ತಮ್ಮ ದವಡೆ ಹಲ್ಲು, ಆ ಹಲ್ಲು ಕಿತ್ತ ಡಾಕ್ಟರು, ಆ ಡಾಕ್ಟರ ತಮ್ಮ ಯಾರನ್ನೋ ಕಟ್ಟಿಕೊಂಡು ಕೆಟ್ಟದ್ದು, ಹಿಂದೆಲ್ಲ ಟೊಮೆಟೊಗೆ ರುಚಿ ಇರುತ್ತಿದ್ದದ್ದು, ಈಗ ಅದು ಟೊಮೆಟೊವೇ ಅಲ್ಲದ್ದು. ಸೊಸೆ ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ ಎಂದು ಮನಸ್ಸಿನಲ್ಲೇ ಎಣಿಸುತ್ತ "ಹೂಂ" ಎನ್ನುತ್ತಿದ್ದಳು.

"ಏನು ಹೂಂ? ನಾನು ಏನು ಕೇಳ್ದೆ ಹೇಳು."

"ಟೊಮೆಟೊ, ಅತ್ತೆ."

"ಅದು ಆಗಲೇ ಮುಗೀತು. ಡಾಕ್ಟ್ರಿಗೆ ಮಕ್ಕಳಿದಾರಾ ಅಂತ ಕೇಳ್ದೆ."

ಎಣಿಕೆ ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು. ಆಯ್ತಪ್ಪ ಬಚ್ಚಲಿಗೆ ಹೋಗಲು ಕಾಲೆತ್ತಿ ಇಬ್ಬರನ್ನೂ ದಾಟುತ್ತ, ಮೊದಲು ಕ್ಷಮೆ ಕೇಳಿ, ಆಮೇಲೆ ಸಂತೋಷಪಟ್ಟು, "ಎಷ್ಟು ಚೆನ್ನಾಗಿದೆ ಅಲ್ವಾ, ಎಲ್ಲರೂ ಒಟ್ಟಿಗೆ," ಎಂದ. ಕೈಯಲ್ಲಿದ್ದ ಸೂಜಿಯನ್ನು ಅವಳು ಎಲ್ಲಿಗೂ ಚುಚ್ಚಲಿಲ್ಲ. ಅದು ಅವಳ ಒಳ್ಳೆಯತನ.

ಆ ಕೋಟಿನ ಒಳಮಡಿಕೆ ಸಣ್ಣದು. ಎಳೆ ಸಾಲಲಿಲ್ಲ. ಅವಳು ತನ್ನ ದಾರದ ಡಬ್ಬ ತಂದು, ಹೊಂದುವ ದಾರ ಹುಡುಕಿ, ಪ್ಯಾಸೇಜಿನ ಹಳದಿ ಬಲ್ಬಿನ ಕೆಳಗೆ ಹಿಡಿದು ನೋಡಿದಳು. ಹೊಂದಿತು. ಅತ್ತೆಯೂ ಕನ್ನಡಕ ಏರಿಸಿ ಹೊಂದಿತು ಎಂದರು. ಮೂರನೆಯ ದಿನ ಕೆಲಸ ಮುಗಿಯಿತು. ಬೆರಳಿನಿಂದ ಸವರಿ ನೋಡಿದರೆ ಹರಿದ ಜಾಗ ಎಲ್ಲಿತ್ತೆಂದು ಅವಳೇ ಹುಡುಕಬೇಕಾಯಿತು. ಇಷ್ಟರ ಮಧ್ಯೆಯೂ ಮಾಡಿಬಿಟ್ಟೆನಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಅಂಗಡಿಯ ಯಜಮಾನರು ಕೋಟನ್ನು ಮೂಸಿ ನೋಡಿ ತಲೆದೂಗಿದರು. ಆಮೇಲೆ ಅದನ್ನು ಬಾಗಿಲ ಬಳಿಗೆ, ಬಿಸಿಲಿಗೆ ಒಯ್ದರು. ಅಲ್ಲೇ ನಿಂತರು.

"ನೋಡಮ್ಮ, ಇಲ್ಲಿ ಬಾ. ಕೋಟು ಯಾವ ಬಣ್ಣ?"

ಅವಳು ಹೋಗಿ ನೋಡಿದಳು. ಕೋಟು ಕಡುನೀಲಿ. ಮೊಣಕೈಯಲ್ಲಿ ಒಂದು ಕಪ್ಪು ಚುಕ್ಕಿ, ಅಷ್ಟು ನೀಟಾಗಿ ನೇಯ್ದಿದ್ದರಿಂದಲೇ ಇನ್ನಷ್ಟು ಎದ್ದು ಕಾಣುತ್ತಿತ್ತು. ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸ ತಿಳಿಯದೆ ಯಾವ ಕಲಿಯುವವಳೂ ಸೂಜಿ ಹಿಡಿಯುವುದಿಲ್ಲ.

"ಬಲ್ಬಿನ ಬೆಳಕಲ್ಲಿ..." ಎಂದು ಶುರುಮಾಡಿ ನಿಲ್ಲಿಸಿದಳು. ಪ್ಯಾಸೇಜಿನ ಕಥೆಯನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು?

"ಸೋಮವಾರ ಗಿರಾಕಿ ಬರ್ತಾರೆ," ಎಂದರು ಯಜಮಾನರು. ಈ ಸಲ ನಗಲಿಲ್ಲ. "ಬಿಚ್ಚಿ ಮತ್ತೆ ಮಾಡಿ ತಾ. ಆಗಲ್ಲ ಅಂದ್ರೆ ಈಗಲೇ ಹೇಳು, ಇನ್ನೊಬ್ಬರು ಇದಾರೆ."

"ಆಗುತ್ತೆ," ಎಂದು ಕೋಟನ್ನು ಕಸಿದುಕೊಂಡಂತೆ ತೆಗೆದುಕೊಂಡು ಹೊರಟಳು.

ದಾರಿಯುದ್ದಕ್ಕೂ ಒಬ್ಬಳೇ ಗೊಣಗುತ್ತ ಬಂದಳು. ಮನೆಯ ಬಾಗಿಲು ತೆಗೆದರೆ ಪ್ಯಾಸೇಜಿನಲ್ಲಿ ಅತ್ತೆ ಕುರ್ಚಿಯಲ್ಲಿ, ಆಯ್ತಪ್ಪ ಅವಳ ಸ್ಟೂಲಿನ ಮೇಲೆ ಒಂದು ಕಾಲಿನ ಬೂಟು ಬಿಚ್ಚಿ ಇನ್ನೊಂದರ ಲೇಸಿಗೆ ಕೈ ಹಾಕಿ ಕೂತಿದ್ದ. ಮಷೀನು ಮೇಲಿನಿಂದ ಇಬ್ಬರ ನೆತ್ತಿಗೂ ಬಿಸಿ ಊದುತ್ತಿತ್ತು. ಅವಳ ಪಿತ್ತ ನೆತ್ತಿಗೇರಿತು.

"ರೀ, ಈ ಮಷೀನನ್ನ ತೆಗೆಸ್ತೀರೋ ಇಲ್ವೋ?"

"ಆಯ್ತು," ಎಂದ ಅವನು ತಕ್ಷಣ.

"ಆಯ್ತು ಅನ್ಬೇಡಿ! ಎಲ್ಲಿಗೆ ಹಾಕಿಸ್ತೀರಿ ಅದು ಹೇಳಿ. ಹಿಂದಿನ ಕೋಣೆಗೆ ಅಂತ ನಾನು ಹೇಳಿದ್ದೆ. ಹೇಳಿದ್ನೋ ಇಲ್ವೋ?"

"ಹೇಳಿದ್ದೆ."

ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. "ಹಿಂದಿನ ಕೋಣೆಗಾ? ನಾನು ಮುಂದಿನ ಕೋಣೆಗೆ ಅಂತ ಹೇಳಿದ್ನಲ್ಲೋ ನಿಂಗೆ?"

"ನೀನೂ ಹೇಳಿದ್ದೆ," ಎಂದ ಆಯ್ತಪ್ಪ.

"ಇಬ್ಬರಿಗೂ ಆಯ್ತು ಅಂದ್ರಾ?" ಸೊಸೆಯ ದನಿ ಸೀಳಿಹೋಯಿತು. "ಈಗ ಒಂದು ಹೇಳಿ. ಅಲ್ಲೋ ಇಲ್ಲೋ? ನನ್ನ ಪರ ಬೇಡ, ಅವರ ಪರವಾದ್ರೂ ಹೇಳಿ. ಯಾವುದಾದ್ರೂ ಒಂದು!"

ಅವನು ಹೆಂಡತಿಯನ್ನು ನೋಡಿದ, ಅಮ್ಮನನ್ನು ನೋಡಿದ, ಕೊನೆಗೆ ಮಷೀನನ್ನೇ ನೋಡಿದ. ಪಾಪ, ಕೆಟ್ಟವನಲ್ಲ. ಇಬ್ಬರಲ್ಲಿ ಯಾರ ಮುಖವೂ ಸಣ್ಣಗಾಗುವುದನ್ನು ನೋಡಲಾರದ ಒಂದು ಜೀವ. ಅವನಂಥ ಒಳ್ಳೆಯವನ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. "ನೀವಿಬ್ಬರೂ ಕೂತು ಮಾತಾಡಿ," ಎಂದು ಹೇಳಿ, ಒಂದು ಕಾಲಿಗೆ ಬೂಟು ಇರುವಂತೆಯೇ ಎದ್ದು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡ.

ಪ್ಯಾಸೇಜಿನಲ್ಲಿ ಇಬ್ಬರೇ ಉಳಿದರು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ಇಬ್ಬರಿಗೂ ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಸೊಸೆ ಕೋಟಿನ ತೋಳನ್ನು ಅತ್ತೆಯ ಮಡಿಲ ಮೇಲೆ ಹಾಕಿದಳು.

"ನೋಡಿ ಅತ್ತೆ. ನೀಲಿಗೆ ಕಪ್ಪು ಹಾಕಿದೀನಿ. ಸೋಮವಾರದೊಳಗೆ ಸರಿ ಮಾಡ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತು."

ಅತ್ತೆ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಲ್ಬಿನ ಬೆಳಕಿನಲ್ಲಿ ಅವರಿಗೆ ಏನೂ ಕಾಣಲಿಲ್ಲ.

"ನಾನು ಮುಂದಿನ ಕೋಣೆಗೆ ಹೇಳಿದ್ದು ನನ್ನ ಮಂಡಿನೋವಿಗೆ ಅಂದ್ಕೊಂಡ್ಯಾ?" ಎಂದರು. "ನಂಗೆ ಒಂದು ಶಾಲು ಸಾಕು. ಅಲ್ಲಿ ಕಿಟಕಿ ಇದೆ, ಬೆಳಕಿದೆ. ನೀನು ಆ ಅಡುಗೆಮನೆ ಹೊಗೆ ಬಿಟ್ಟು ಅಲ್ಲಿ ಬಂದು ಕೂರ್ತೀಯ ಅಂತ. ಇಡೀ ದಿನ ಗೋಡೆ ನೋಡ್ಕೊಂಡು ಒಬ್ಬಳೇ ಕೂತು ಸಾಕಾಗಿದೆ ನಂಗೆ."

ಸೊಸೆಗೆ ಇದು ಬೇಕಿರಲಿಲ್ಲ. ಮುದುಕಿ ತನ್ನ ಸುಖ ನೋಡಿಕೊಂಡಳು ಎಂದು ಸಿಟ್ಟು ಮಾಡಿಕೊಂಡಿರುವುದು ಎಷ್ಟೋ ಸುಲಭವಾಗಿತ್ತು. ಈಗ ಸುಮ್ಮನೆ ಸರಿ ಅತ್ತೆ ಎಂದುಬಿಟ್ಟರೆ ಎಲ್ಲ ಮುಗಿಯುತ್ತದೆ. ಅವರ ಕಣ್ಣು ತುಂಬಿಕೊಳ್ಳುತ್ತದೆ, ಮಷೀನು ಮುಂದಿನ ಕೋಣೆಗೆ ಹೋಗುತ್ತದೆ, ಅವಳ ಜೀವನವೂ ಅದರ ಹಿಂದೆಯೇ ಹೋಗುತ್ತದೆ. ಟೊಮೆಟೊ, ದವಡೆ ಹಲ್ಲು, ಡಾಕ್ಟರ ತಮ್ಮ.

"ಅತ್ತೆ, ನೀವು ಮಾತಾಡ್ತೀರಿ," ಎಂದಳು. "ನಾನು ಎಳೆ ಎಣಿಸ್ಬೇಕು. ಎರಡೂ ಒಟ್ಟಿಗೆ ಆಗಲ್ಲ ನಂಗೆ."

"ಮಾತಾಡದೇ ಕೂರ್ತೀನಿ."

"ಹಾಗೆ ಕೂರೋಕೆ ಆಗಲ್ಲ ನಿಮಗೆ. ಕೂತ್ರೂ ಬೇಡ." ಅವಳು ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. "ನಂಗೆ ನಿಮ್ಮ ಜೊತೆ ಕೂರೋದು ಬೇಡ. ಹಿಂದಿನ ಕೋಣೇಲಿ ಒಬ್ಬಳೇ, ಬಾಗಿಲು ಹಾಕ್ಕೊಂಡು ಕೂರ್ಬೇಕು."

ಹೇಳಿಯಾಯಿತು. ಬಚ್ಚಲಿನಲ್ಲಿ ಆಯ್ತಪ್ಪ ನಲ್ಲಿ ತಿರುಗಿಸಿದ ಸದ್ದು ಕೇಳಿತು, ಕೇಳಿಸಿಕೊಳ್ಳುತ್ತಿಲ್ಲವೆಂದು ತೋರಿಸಲು ಇರಬೇಕು. ಅತ್ತೆ ಕೋಟಿನ ತೋಳನ್ನು ನಿಧಾನವಾಗಿ ಮಡಿಸಿ ಅವಳ ಕೈಗೆ ಕೊಟ್ಟರು.

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಏನು ಮಾಡ್ತಿದ್ರಿ?"

"ಬೇಜಾರು ಮಾಡ್ಕೋತಿದ್ದೆ. ಈಗಲೂ ಮಾಡ್ಕೊಂಡಿದೀನಿ." ಅವರು ಕುರ್ಚಿಯ ಕೈ ಹಿಡಿದು ಎದ್ದರು. "ಆದ್ರೆ ಗೋಡೆಗೆ ಒಂದೇ ತೂತು ಬೀಳ್ತಿತ್ತು."

ಮರುದಿನ ಮೆಕ್ಯಾನಿಕ್‌ಗೆ ಫೋನು ಮಾಡಿದವರು ಅತ್ತೆಯೇ. ಸೊಸೆಯೊಂದಿಗೆ ಮಾತ್ರ ಅವರು ಮಾತು ಬಿಟ್ಟಿದ್ದರು. ಮಗನ ಮೂಲಕವೂ ಏನೂ ಹೇಳಿಕಳಿಸಲಿಲ್ಲ. ಆಯ್ತಪ್ಪ ಕೆಲಸವಿಲ್ಲದವನ ಹಾಗೆ ಆ ಕೋಣೆ ಈ ಕೋಣೆ ಓಡಾಡಿದ, ಯಾರೂ ಅವನನ್ನು ಏನೂ ಕೇಳಲಿಲ್ಲ.

"ನಾನು ಆವತ್ತೇ ಹೇಳಿದ್ದೆ," ಎನ್ನುತ್ತಲೇ ಮೆಕ್ಯಾನಿಕ್ ಒಳಗೆ ಬಂದ. ಗ್ಯಾಸನ್ನೆಲ್ಲ ಹೊರಗಿನ ಡಬ್ಬದೊಳಗೆ ಎಳೆದುಕೊಂಡು ಭದ್ರಮಾಡಿ, ಪೈಪು ಬಿಚ್ಚಿ, ಮಷೀನು ಇಳಿಸಿದ. "ಇವತ್ತು ಯಾರ ಮಾತು ನಡೆಯುತ್ತೆ? ಯಜಮಾನ್ರಿಗೆ ಫೋನ್ ಮಾಡ್ಲಾ?"

"ಬೇಡ. ನನ್ನ ಮಾತು," ಎಂದಳು ಸೊಸೆ. "ಹಿಂದಿನ ಕೋಣೆ. ಕಿಟಕಿ ಮೇಲೆ ಬೇಡ, ಈ ಪಕ್ಕದ ಗೋಡೆಗೆ ಹಾಕಿ. ಗಾಳಿ ನೇರವಾಗಿ ಮೇಜಿಗೆ ಬಡಿದ್ರೆ ಎಳೆ ಹಾರಿಹೋಗುತ್ತೆ."

"ಅಂತೂ!" ಎಂದ ಭಾವಮೈದ. ಅವನ ಬಾಯಿಂದ ಆ ಮನೆಯಲ್ಲಿ ಬಂದ ಮಾತು ಅದೊಂದೇ.

ಪ್ಯಾಸೇಜಿನ ತೂತಿಗೆ ಸಿಮೆಂಟು ಮೆತ್ತಿ ಅವರು ಹೊರಟುಹೋದರು. ಸೊಸೆ ಕೋಟನ್ನು ತಂದು ಮೇಜಿನ ಮೇಲೆ ಹರಡಿದಳು, ಭೂತಗನ್ನಡಿ ನಿಲ್ಲಿಸಿದಳು, ಎದ್ದು ಹೋಗಿ ಬಾಗಿಲು ಹಾಕಿದಳು. ಹಾಕುವಾಗ ಮುಂದಿನ ಕೋಣೆಯ ಕಡೆ ನೋಡದಿರಲು ಪ್ರಯತ್ನಪಟ್ಟಳು. ನೋಡಿದಳು. ಅತ್ತೆ ಶಾಲು ಹೊದ್ದು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಕಿಟಕಿಯ ಬೆಳಕಿನಲ್ಲಿ ಕಪ್ಪು ಕಪ್ಪಾಗಿಯೂ ನೀಲಿ ನೀಲಿಯಾಗಿಯೂ ಕಂಡವು. ಕೋಣೆ ಮೆಲ್ಲಗೆ ಬಿಸಿಯೇರಿತು. ಬೆರಳುಗಳು ಒಂದೊಂದಾಗಿ ಮತ್ತೆ ಅವಳವಾದವು. ಅವಳು ತಪ್ಪು ಎಳೆಗಳನ್ನು ಸೂಜಿಯ ತುದಿಯಿಂದ ಬಿಡಿಸಿ ತೆಗೆದು, ಸರಿಯಾದ ನೀಲಿಯನ್ನು ಪೋಣಿಸಿ, ಎರಡು ಮೇಲೆ ಎರಡು ಕೆಳಗೆ ಎಂದು ಶುರುಮಾಡಿದಳು. ಎಷ್ಟೋ ಚಳಿಗಾಲಗಳಿಂದ ಬಯಸಿದ್ದ ಮೌನ. ಇಷ್ಟು ಒಳ್ಳೆಯದು ಸಿಕ್ಕಿದ ಹೊತ್ತಿನಲ್ಲಿ ಮನಸ್ಸು ಯಾಕೆ ಹೀಗೆ ಮುಖ ಊದಿಸಿಕೊಂಡಿದೆ ಎಂದು ಅವಳಿಗೆ ತನ್ನ ಮೇಲೆಯೇ ರೇಗಿತು.

ಪ್ಯಾಸೇಜಿನಲ್ಲಿ ಹೆಜ್ಜೆ ಸಪ್ಪಳವಾಯಿತು. ಬಾಗಿಲ ಹತ್ತಿರ ಬಂದು ನಿಂತಿತು.

"ಬಿಸಿ ಬರ್ತಾ ಇದೆಯಾ?" ಅತ್ತೆಯ ದನಿ.

"ಬರ್ತಾ ಇದೆ, ಅತ್ತೆ."

"ಗಾಳಿ ಮೇಜಿಗೆ ಬಡಿತಾ ಇಲ್ವಲ್ಲ?"

"ಇಲ್ಲ."

"ಸರಿ. ಕೆಲಸ ಮಾಡು."

ಹೆಜ್ಜೆಗಳು ಹಿಂದೆ ಹೋಗುತ್ತವೆಂದು ಅವಳು ಕಾದಳು. ಹೋಗಲಿಲ್ಲ. ಆ ಕಡೆ ಅತ್ತೆ ನಿಂತೇ ಇದ್ದರು, ಈಗ ಪ್ಯಾಸೇಜು ಮೊದಲಿನ ಹಾಗೆ ತಣ್ಣಗಿರಬೇಕು. ಬನ್ನಿ ಅತ್ತೆ, ಒಳಗೆ ಬನ್ನಿ. ಅಷ್ಟು ಅಂದರೆ ಬಾಗಿಲು ತೆರೆಯುತ್ತದೆ, ನಾಳೆ ಕುರ್ಚಿ ಒಳಗೆ ಬರುತ್ತದೆ, ನಾಡಿದ್ದು ಮಾತು ಶುರುವಾಗುತ್ತದೆ. ಅವಳ ಕಣ್ಣು ಮಂಜಾಯಿತು, ಎಳೆ ಎರಡೆರಡಾಗಿ ಕಂಡಿತು. ಅವಳು ಬಾಯಿ ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ಮುಂದಿನ ಕೋಣೆಯ ಕಡೆ ಹೋದವು. ಎಣಿಕೆ ತಪ್ಪಿಹೋಗಿತ್ತು. ಹಾಕಿದ್ದ ಎಳೆಗಳನ್ನು ಬಿಚ್ಚಿ, ಅವಳು ಮತ್ತೆ ಮೊದಲಿನಿಂದ ಎಣಿಸತೊಡಗಿದಳು.